ಹಿಂದಿನ ಸೀಟಿನ ಎತ್ತರ

ಮಂಗಳವಾರ, ಸಂಜೆ

ನನ್ನ ಒಬ್ಬನೇ ಒಬ್ಬ ಭಾವಮೈದುನನಿಗೆ,

ಅಲ್ಲ, ಮೆರವಣಿಗೆ ಅಂದೆಯಲ್ಲ, ಆ ಮಾತು ಇನ್ನೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ನಾವು ಹೊರಡುವ ದಿನ ನನ್ನದೇ ಬಾಗಿಲಿಗೆ ಅಡ್ಡ ನಿಂತು, "ಅಕ್ಕನ ಜಾಗದಲ್ಲಿ ಇನ್ನೊಬ್ಬಳನ್ನ ಕೂರಿಸ್ಕೊಂಡು ಪರದೇಶದಲ್ಲಿ ಮೆರವಣಿಗೆನಾ ಭಾವ? ಮಂಡಿಗೆ ಎಣ್ಣೆ ಇಟ್ಕೊಂಡ್ರೋ ಇಲ್ವೋ?" ಎಂದೆ. ಸಾಲದೆಂದು ಅದನ್ನೇ ಪುಟಗಟ್ಟಲೆ ಬೆಳೆಸಿ ಬರೆದು ನನ್ನ ಚೀಲಕ್ಕೆ ತುರುಕಿದೆ. ಉತ್ತರ ತಡವಾಯಿತು, ಕ್ಷಮಿಸು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವೆಲ್ಲ ಕ್ಷೇಮವಷ್ಟೆ? ನಿನ್ನ ಹೆಂಡತಿಯ ಬೆನ್ನುನೋವು ಹೇಗಿದೆ?

ಮೊದಲು ಒಂದು ವಿಷಯ ತಿದ್ದಿಕೋ. ನನ್ನ ಜೊತೆ ಬಂದಿರುವ ಗಾಜಿನಂಗಡಿಯವಳು ನನ್ನ ಹೆಂಡತಿಯಲ್ಲ. ಕೇಳಿದವನು ನಾನು, ಒಪ್ಪದವಳು ಅವಳು. "ಮೊದಲು ಒಂದು ತಿಂಗಳು ಜೊತೇಲಿ ಸೈಕಲ್ ತುಳಿಯೋಣ. ನಿಮ್ಮನ್ನ ತಡ್ಕೊಳ್ಳೋಕಾಗತ್ತಾ ನೋಡ್ತೀನಿ. ಮದುವೆ ಮಾತು ಆಮೇಲೆ" ಎಂದಿದ್ದಾಳೆ. ಅಂಗಡಿಗೆ ಹೊಸ ಕೆಲಸದವನನ್ನು ಸೇರಿಸಿಕೊಳ್ಳುವಾಗಲೂ ಹೀಗೇ ಮಾಡುತ್ತಾಳಂತೆ. ಕಾಲೇಜಿನಲ್ಲಿ ಇದಕ್ಕೊಂದು ಇಂಗ್ಲಿಷ್ ಮಾತು ಕಲಿತಿದ್ದೆ, ಪ್ರೊಬೇಷನ್ನೋ ಪ್ರೊಸೆಷನ್ನೋ, ಮರೆತಿದೆ.

ಮೊನ್ನೆ ಬೆಳಿಗ್ಗೆ, ನಾವು ಬಂದಿಳಿದ ಊರಿನ ಸೈಕಲ್ ಅಂಗಡಿಗೆ ಹೋದೆವು. ಅವಳು ಆರಿಸಿದ್ದು ಜೋಡಿ ಸೈಕಲ್. ಮುಂದೊಬ್ಬರು, ಹಿಂದೊಬ್ಬರು, ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು. ಅವಳು ಬಾಟಲಿಗಳಿಗೆ ನೀರು ತುಂಬಿಸಲು ಒಳಗೆ ಹೋದಾಗ ಅಂಗಡಿಯವನು ಹಿಂದಿನ ಸೀಟು ತಟ್ಟಿ ಎಷ್ಟೆತ್ತರ ಎಂದು ಕೇಳಿದ. ನಾನು 'ಐ ಬೆಗ್ ಟು ಸ್ಟೇಟ್' ಎಂದು ಗತ್ತಿನಿಂದ ಶುರು ಮಾಡಿದೆ. ಮುಂದಿನದು ಬಾಯಿಗೆ ಬರಲಿಲ್ಲ. ಅವನು, ಪಾಪ, ನಾನು ಅರ್ಜಿ ಕೊಡುತ್ತೇನೆಂದು ಕೈ ಚಾಚಿದ. ಕೊನೆಗೆ ನನ್ನ ಸೊಂಟದ ಹತ್ತಿರ ಅಂಗೈ ಹಿಡಿದು, ಇಷ್ಟು ಎಂದು ತೋರಿಸಿದೆ. ಅವನು ಸೀಟು ಇಳಿಸಿ ನಟ್ಟು ಬಿಗಿದ.

ಆಮೇಲಿನದನ್ನು ಪ್ರವಾಸ ಎನ್ನುವುದಕ್ಕಿಂತ ಜಗಳ ಎಂದರೇ ಸರಿ. ಎರಡೂ ಕಡೆ ಗೋಧಿ ಹೊಲ, ಎದುರಿಗೆ ಗಾಳಿ, ಪ್ರತಿ ತೋಟದ ಮನೆಯಿಂದ ನಮ್ಮ ಮೀನಖಂಡದ ಮೇಲೆ ಕಣ್ಣಿಟ್ಟ ಒಂದು ನಾಯಿ. ಸಣ್ಣ ಏರು ಬಂದರೂ ಸೈಕಲ್ ಹೆಣದಂತೆ ಭಾರ. ನಾನು ಹಿಂದೆ ತಿರುಗದೆ ಕೂಗಿದೆ, "ತುಳೀತಿದೀಯಾ, ಇಲ್ಲಾ ಸುಮ್ನೆ ಕೂತಿದೀಯಾ?"

"ತುಳೀತಾನೇ ಇದೀನಿ. ಮಂಡಿ ಗದ್ದಕ್ಕೆ ಬಡೀತಿದೆ. ನಿಮ್ಮ ಬೆನ್ನು ಬಿಟ್ಟು ನಂಗೇನೂ ಕಾಣ್ತಿಲ್ಲ. ಅದೂ ಅಂಥಾ ನೋಡೋ ಹಾಗೇನಿಲ್ಲ."

ಅವಳು ಸೈಕಲ್ ಹತ್ತಿದ್ದು ಇದೇ ಮೊದಲು. ಮಂಡಿ ಹೀಗೇ ಹಿಡಿದುಕೊಳ್ಳುತ್ತದೆ ಎಂದುಕೊಂಡು ಹಲ್ಲು ಕಚ್ಚಿದ್ದಳು. ಇವತ್ತು ಮಧ್ಯಾಹ್ನ ಈ ವಸತಿಗೃಹದ ಅಂಗಳದಲ್ಲಿ ಇಳಿದಾಗ ಕಾಲು ನೆಟ್ಟಗೆ ನಿಲ್ಲಿಸಲಾಗದೆ ಗೋಡೆ ಹಿಡಿದಳು. ವಸತಿಗೃಹದ ಯಜಮಾನಿ ಅವಳನ್ನು ನೋಡಿದಳು, ಸೀಟು ನೋಡಿದಳು, ಮಗುವಿನಷ್ಟು ಎತ್ತರಕ್ಕೆ ಕೈ ಹಿಡಿದು ತೋರಿಸಿ ಬಿದ್ದು ಬಿದ್ದು ನಕ್ಕಳು. ಒಳಗಿಂದ ಒಂದು ಸ್ಪ್ಯಾನರ್ ತಂದು ನನ್ನ ಕೈಯಲ್ಲಿಟ್ಟು ಹೋದಳು.

ನಮ್ಮವಳು ನಗಲಿಲ್ಲ. "ಅಂಗಡಿಯವನಿಗೆ ಎತ್ತರ ಯಾರು ಹೇಳಿದ್ದು?"

"ನಾನೇ."

"ನನ್ನನ್ನ ನೆನೆಸ್ಕೊಂಡು ಹೇಳಿದ್ರಾ?"

ನಾನು ಸ್ಪ್ಯಾನರಿನ ಬಾಯಿ ನಟ್ಟಿಗೆ ಹೊಂದುತ್ತದೆಯೇ ಎಂದು ನೋಡಿದೆ.

"ನಿಮ್ಮ ಹಜಾರದ ಫೋಟೋಗೆ ಗಾಜು ಹಾಕಿ ಕೊಟ್ಟಿದ್ದು ನಾನು. ಅದ್ರಲ್ಲಿ ನಿಮ್ಮ ಹೆಂಡತಿ ಸೈಕಲ್ ಹಿಡ್ಕೊಂಡು ನಿಂತಿದಾರೆ. ಸೀಟು ಇಷ್ಟೇ ಇದೆ. ಮೂರು ದಿನದಿಂದ ನಾನು ಇನ್ನೊಬ್ಬರ ಅಳತೇಲಿ ಕೂತಿದೀನಿ, ನೀವು ಅದಕ್ಕೂ ಬೈತಿದೀರಿ."

ಅವಳು ಹೇಳಿದ್ದು ನಿಜ. ನಿನ್ನ ಅಕ್ಕ ಬದುಕಿದ್ದಾಗ ಅವಳ ಸೈಕಲ್ಲನ್ನು ಪಕ್ಕದ ಮನೆಯವರು ಒಯ್ದು ತಂದಾಗಲೆಲ್ಲ ಸೀಟು ಸರಿಮಾಡುತ್ತಿದ್ದವನು ನಾನು. ಅಳತೆಗೆ ಅವಳನ್ನು ಕರೆಯುತ್ತಲೂ ಇರಲಿಲ್ಲ. ಸೊಂಟಕ್ಕೆ ಅಂಗೈ ಹಿಡಿದರೆ ಮುಗಿಯಿತು. ಖುಷಿಯಾಯಿತೇ? ಅಕ್ಕನ ಜಾಗ ಕಿತ್ತುಕೊಟ್ಟೆ ಎಂದು ನೀನು ನಾಲ್ಕು ಜನರ ಮುಂದೆ ಕೂಗಾಡಿದೆ. ಜಾಗ ಸಿಗದೆ ಮಂಡಿ ಮುರಿದುಕೊಂಡವಳು ಇವಳು.

"ಈಗ ನನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು, ನೋಡಿ, ಏರಿಸಿ," ಎಂದಳು. "ಇಲ್ಲಾಂದ್ರೆ ನಾಳೆ ನಾನು ಬಸ್ಸು ಹಿಡೀತೀನಿ. ನೀವು ಒಬ್ಬರೇ ಎರಡೂ ಸೀಟಲ್ಲಿ ಕೂತ್ಕೊಳ್ಳಿ."

ನಾನು ಸ್ವಲ್ಪ ಹೊತ್ತು ಹಟಕ್ಕೆ ಬಿದ್ದು ಚೈನು ಒರೆಸಿದೆ. ಅವಳು ಕೈಕಟ್ಟಿ ನಿಂತೇ ಇದ್ದಳು. ಕೊನೆಗೆ ನಟ್ಟು ಸಡಿಲಿಸಿದೆ. ಅವಳತ್ತ ನೋಡಿದೆ, ಏರಿಸಿದೆ. "ಇನ್ನೂ." ಏರಿಸಿದೆ. "ಇನ್ನೂ ಸ್ವಲ್ಪ." ಅವಳು ಇಷ್ಟು ಎತ್ತರ ಎಂದು ನನಗೆ ಗೊತ್ತೇ ಇರಲಿಲ್ಲ. ಗೇಟಿನವರೆಗೆ ಒಂದು ಸುತ್ತು ತುಳಿದು ಬಂದೆವು. ಸೈಕಲ್ ಹಗುರವಾಗಿ ಹೋಯಿತು, ಅದೂ ಒಂದು ಅವಮಾನ.

"ಈಗ ನಿಮ್ಮ ಹೆಗಲ ಮೇಲಿಂದ ರಸ್ತೆ ಕಾಣ್ಸತ್ತೆ," ಎಂದು ಇಳಿದಳು. "ಬಸ್ಸು ಬೇಡ. ಆದ್ರೆ ಇವತ್ತು ನನ್ನ ಜೊತೆ ಮಾತಾಡ್ಬೇಡಿ."

ಹಾಗಾಗಿ ನಾನು ಅಂಗಳದ ಬೆಂಚಿನ ಮೇಲೆ ನಿನ್ನೊಡನೆ ಮಾತಾಡುತ್ತಿದ್ದೇನೆ. ಅವಳು ಮೇಲಿನ ಕೋಣೆಯಲ್ಲಿ ಕಾಲುಚೀಲ ಹಿಂಡಿ ಕಿಟಕಿಗೆ ಹಾಕುತ್ತಿದ್ದಾಳೆ. ನೀರು ಸರಿಯಾಗಿ ನನ್ನ ತಲೆಯ ಮೇಲೇ ಬೀಳುತ್ತಿದೆ. ಇನ್ನೂ ಬೈಯುವುದಿತ್ತು. ಆದರೆ ಬೆಳಕು ಹೋಗುತ್ತಿದೆ, ಬರೆದ ಸಾಲಿನ ಮೇಲೇ ಸಾಲು ಬೀಳುತ್ತಿದೆ. ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೂ ಅಷ್ಟಿಷ್ಟು ಇರಲಿ.

ನಿನ್ನ ಭಾವ

ಮರೆತಿದ್ದು: ಅವಳು ಮೇಲೆ ಹೋದ ಮೇಲೆ ಸುಮ್ಮನೆ ಎದ್ದು, ನಿನ್ನ ಅಕ್ಕನ ಸೀಟು ಎಷ್ಟಿತ್ತೆಂದು ಸೊಂಟಕ್ಕೆ ಅಂಗೈ ಹಿಡಿದು ನೋಡಿದೆ. ಎಲ್ಲಿ ನಿಲ್ಲಬೇಕೆಂದು ಕೈಗೆ ತಿಳಿಯಲಿಲ್ಲ. ಸ್ವಲ್ಪ ಮೇಲೆ ಹಿಡಿದರೂ ಸರಿ ಅನ್ನಿಸುತ್ತದೆ, ಕೆಳಗೆ ಹಿಡಿದರೂ ಸರಿ ಅನ್ನಿಸುತ್ತದೆ. ನಿನ್ನ ಅಕ್ಕ ಪಕ್ಕದಲ್ಲಿ ನಿಂತರೆ ನಿನ್ನ ಭುಜಕ್ಕೆ ಬರುತ್ತಿದ್ದಳೋ, ಕಿವಿಗೋ? ಬೈಗುಳ ಎಷ್ಟು ಬೇಕಾದರೂ ಬರೆ. ಇದನ್ನು ಮಾತ್ರ ಮೊದಲ ಸಾಲಿನಲ್ಲೇ ಬರೆ.