ಉಡದ ಪಟ್ಟು, ಮಂಗಟ್ಟೆಯ ಬಾಣಂತನ

ಬೋಪಾಲ್ ಬಡಾವಣೆ, ಅಹಮದಾಬಾದ್
೧೮-೭-೨೦೨೫

ಮುದ್ದಿನ ಮೊಮ್ಮಗಳು ಚೈತ್ರಾಳಿಗೆ ಅಜ್ಜಿ ಪಾರ್ವತಿಯ ಆಶೀರ್ವಾದಗಳು.

ನಾನು ಗಟ್ಟಿಯಾಗಿದ್ದೇನೆ, ನಾಲಿಗೆ ಇನ್ನೂ ಗಟ್ಟಿ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಕಾಗದ. ನಾಲ್ಕನೆಯ ಇಯತ್ತೆಯ ಅಕ್ಷರ, ಸಹಿಸಿಕೊಂಡು ಓದು.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಅಂತ ನಾನು. ಸೂರತ್ ಬಿಟ್ಟು ಬರುವುದಿಲ್ಲ, ರೋಹನ್ ರಜೆ ಹಾಕಿ ತಾನೇ ನೋಡಿಕೊಳ್ಳುತ್ತಾನೆ ಅಂತ ನೀನು. ಗಂಡಸು ಬಾಣಂತನ ಮಾಡಿದರೆ ಕೂಸಿಗೆ ಡಬ್ಬಿ ಹಾಲು, ತಾಯಿಗೆ ನೂಡಲ್ಸು ಅಂದೆ. ನೀನು ಫೋನ್ ಇಟ್ಟವಳು ಮತ್ತೆ ಮಾಡಲಿಲ್ಲ.

ಮೊನ್ನೆ ಇಲ್ಲೊಂದು ಉಡ ಬಂದಿತ್ತು, ನನ್ನ ತೋಳಿನಷ್ಟು ಉದ್ದ. ಮಳೆನೀರು ಬಿಲಕ್ಕೆ ನುಗ್ಗಿರಬೇಕು, ಕೆಳಗಿನ ಮನೆಯ ಕಿಟಕಿ ಸರಳು ಅಪ್ಪಿಕೊಂಡು ಕೂತಿತ್ತು. ಘೋ, ಘೋ ಅಂತ ಗುಜರಾತಿ ಹೆಂಗಸರ ಗದ್ದಲ, ಉಡಕ್ಕೆ ಇವರು ಹಾಗನ್ನುತ್ತಾರೆ. ವಾಚ್‌ಮನ್ ಬಾಲ ಹಿಡಿದು ಎಳೆದಷ್ಟೂ ಅದು ಬಿಗಿಯಾಗಿ ಹಿಡಿಯಿತು. ಬಾಲ ಬಿಡೋ ಮೂಳಾ, ತಾನ ಹೋಗ್ತೈತಿ, ಅಂದೆ. ಬೈಗುಳಕ್ಕೆ ಯಾವ ಭಾಷೆಯಾದರೇನು, ಬಿಟ್ಟ. ಸ್ವಲ್ಪ ಹೊತ್ತಿಗೆ ಅದು ಇಳಿದು ಪೊದೆ ಸೇರಿತು. ನಿನ್ನವ್ವ ಸುಲೋಚನಾ ಮೆಲ್ಲಗೆ, ಅತ್ತಿ, ನಿಮ್ಮ ಪಟ್ಟೇನು ಇದಕ್ಕಿಂತ ಕಡಿಮಿ ಐತೇನ್ರಿ, ಅಂದಳು. ಸೊಸೆಗೂ ನನ್ನ ಗಾಳಿ ತಗುಲಿದೆ.

ಚುಚ್ಚಿತು. ಸರಳನ್ನು ಅಷ್ಟು ಬಿಗಿಯಾಗಿ ಹಿಡಿಯುವ ಉಡ, ಮೊಟ್ಟೆಯನ್ನು ಮಣ್ಣಲ್ಲಿ ಹೂತು ಹೋದರೆ ತಿರುಗಿಯೂ ನೋಡುವುದಿಲ್ಲ. ಅದರ ಪಟ್ಟೆಲ್ಲ ಸರಳಿಗೆ, ಮರಿಗಲ್ಲ.

ಚಿಕ್ಕಂದಿನಲ್ಲಿ ದಾಂಡೇಲಿ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ನೋಡಿದ್ದೆ. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಹೊತ್ತಂಥ ರೂಪು. ಹೆಣ್ಣು ಮರದ ಪೊಟರೆಯಲ್ಲಿ ಕೂತು ಬಾಗಿಲನ್ನೇ ಮೆತ್ತಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಟ್ಟು. ಗಂಡು ಕಾಡೆಲ್ಲ ತಿರುಗಿ ಅತ್ತಿಹಣ್ಣು ತಂದು ಒಂದೊಂದೇ ಉಣಿಸುತ್ತದೆ. ಬಾಣಂತಿಯ ಕೋಣೆಗೂ ಅದಕ್ಕೂ ಏನು ವ್ಯತ್ಯಾಸ? ಆ ಹೆಣ್ಣಿನ ಅಜ್ಜಿ ಬಂದು ಕೊಂಬೆ ಮೇಲೆ ಕೂತು ಬುದ್ಧಿ ಹೇಳಿದ್ದನ್ನಂತೂ ನಾನು ಕಂಡಿಲ್ಲ.

ಅಲ್ಲೇ ಇರು ತಂಗಿ. ರೋಹನ್‌ನ ಮೂಗು ಮಂಗಟ್ಟೆಯದೇ, ಉಳಿದದ್ದೂ ಹೊಂದಬಹುದು. ಅಂಟಿನ ಉಂಡೆ ಮಾಡಿ ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತೇನೆ. ಕರೆದರೆ ನಾನೂ ಬರುತ್ತೇನೆ, ಕರೆಯದಿದ್ದರೆ ಇಲ್ಲಿ ಆರಾಮ. ಕರೆಯದಿದ್ದರೆ ಅಂತ ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು, ಅಷ್ಟೇ.

ನಿನ್ನ ಮೇಲೆ ಸಿಟ್ಟು ಉಳಿಯದ,
ಪಾರ್ವತಿ ಅಜ್ಜಿ

ತಾ.ಕ.: ಕೂಸಿಗೆ ಎಣ್ಣೆ ಹಚ್ಚುವುದು, ಬೆಳ್ಳುಳ್ಳಿ ತುಪ್ಪದಲ್ಲಿ ಹುರಿಯುವುದು ತನಗೆ ತಾನೇ ಬಂತು ಅಂತ ನಿನ್ನ ಗಂಡ ಜಂಬ ಕೊಚ್ಚಿದರೆ ನಂಬಬೇಡ. ರಾತ್ರಿ ನೀನು ಮಲಗಿದ ಮೇಲೆ ದಿನಾ ನನಗೆ ಫೋನ್ ಮಾಡಿ ಕಲಿಯುತ್ತಾನೆ. ಮೊದಲ ದಿನ ಬೈದು ಇಟ್ಟೆ. ಮರುದಿನ ಊಟ ಬೇಗ ಮುಗಿಸಿ ಫೋನಿನ ಪಕ್ಕ ಕೂತಿದ್ದೆ.