ನರ್ಸಮ್ಮನ ಪುಟದಲ್ಲಿ ಮೋಟರಿನ ಬೆಲೆ

ಗ್ರಾಹಕ ಹಿತರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯವರು ಅಚ್ಚು ಹಾಕಿಸಿ ಅಂಗಡಿ ಅಂಗಡಿಗೂ ಹಂಚಿದ ‘ಆನ್‌ಲೈನ್‌ನಲ್ಲಿ ಕೊಳ್ಳುವಾಗ ಹಣ ಉಳಿಸುವುದು ಹೇಗೆ’ ಎಂಬ ಹತ್ತು ಸಲಹೆಗಳ ಕರಪತ್ರವನ್ನು ನಾನು ಒಂದಕ್ಷರ ಬಿಡದೆ ಪಾಲಿಸಿದೆ. ಪರಿಣಾಮವಾಗಿ ನನ್ನ ಕೈಯಲ್ಲಿದ್ದ ಹಣ ಅರ್ಧವಾಗಿದೆ, ಬಲಗಾಲಿನ ಮಂಡಿ ಎರಡರಷ್ಟಾಗಿದೆ, ಕೊಳ್ಳಬೇಕಿದ್ದ ವಸ್ತು ಇನ್ನೂ ಫೋನಿನೊಳಗಿನ ಬುಟ್ಟಿಯಲ್ಲೇ ಕೂತಿದೆ. ಇದನ್ನು ದೂರು ಎನ್ನುತ್ತಾರೋ ವರದಿ ಎನ್ನುತ್ತಾರೋ ನನಗೆ ತಿಳಿಯದು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟು, ಎರಡು ವರ್ಷದ ಮೇಲೆ ಮತ್ತೆ ಸೇರಿ, ಮತ್ತೆ ಬಿಟ್ಟವಳು. ತಪ್ಪು ಬರೆದೇನೋ ಎಂಬ ಭಯಕ್ಕೆ ಈ ಪತ್ರವನ್ನು ಇದು ಮೂರನೇ ಸಲ ಬರೆಯುತ್ತಿದ್ದೇನೆ. ಆದ್ದರಿಂದ ತಾವು ಒಂದು ಸಲವಾದರೂ ಓದಬೇಕು.

ನನ್ನದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ; ಕತ್ತರಿಸುವ ಮೇಜು ಹಾಕಿದ ಮೇಲೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಕಾಲಿನಿಂದ ತುಳಿಯುವ ಒಂದೇ ಒಂದು ಹೊಲಿಗೆ ಯಂತ್ರ, ಹತ್ತೊಂಬತ್ತು ವರ್ಷದಿಂದ ಅದೇ ಬಲಗಾಲು. ಮಂಡಿ ಊದಿಕೊಂಡಾಗ ವೈದ್ಯರು ನೋಡಿ, ಮೂರು ತಿಂಗಳು ತುಳಿಯುವುದು ನಿಲ್ಲಿಸದಿದ್ದರೆ ಇದು ಹೀಗೇ ಬಿಗಿದುಕೊಂಡು ನಿಲ್ಲುತ್ತದೆ ಎಂದರು. ಮೂರು ತಿಂಗಳು ಯಂತ್ರ ನಿಂತರೆ ಅಂಗಡಿ ನಿಲ್ಲುತ್ತದೆ. ಅದಕ್ಕಿರುವ ದಾರಿ ಒಂದೇ: ಯಂತ್ರದ ಪಕ್ಕಕ್ಕೆ ಕೂರಿಸುವ ಸಣ್ಣ ವಿದ್ಯುತ್ ಮೋಟರು. ಕಾಲ್ಬೆರಳ ತುದಿ ತಾಗಿದರೆ ಸಾಕು, ಸೂಜಿ ಓಡುತ್ತದೆ. ಅದಕ್ಕೆ ಬೇಕಾದಷ್ಟು ಹಣ ನನ್ನ ಹತ್ತಿರ ಇತ್ತು. ಹೌದು, ಇತ್ತು. ತಮ್ಮ ಕರಪತ್ರ ಕೈಗೆ ಬಂದ ದಿನವೂ ಇತ್ತು.

ಪಕ್ಕದ ಬೀದಿಯ ಮೋಟರ್ ಅಂಗಡಿಯವನು ಎರಡು ಸಾವಿರದ ಆರುನೂರು ಹೇಳಿದ್ದ, ತಂದು ಕೂರಿಸಿಕೊಡುವುದೂ ಸೇರಿ. ಆದರೆ ತಮ್ಮ ಮೊದಲನೇ ಸಲಹೆ ‘ಹೋಲಿಸಿ ನೋಡಿ’. ನೋಡಿದೆ. ನನ್ನ ಜೊತೆಗೇ ಇದ್ದು ಕೆಲಸ ಕಲಿಯುತ್ತಿರುವ ನಾದಿನಿಯ ಫೋನಿನಲ್ಲಿ ಎರಡು ಸಾವಿರದ ನಾನೂರು. ಹೋಗಿ ಅವನಿಗೆ ಹೇಳಿದೆ.

“ತಗೊಳ್ಳಿ ಅಕ್ಕಾ, ಅಲ್ಲೇ ತಗೊಳ್ಳಿ,” ಎಂದ. “ಫೋನೇ ಬಂದು ಕೂರಿಸಿಕೊಡತ್ತೇನೋ ಕೇಳಿ ನೋಡಿ.”

ಅವನ ಮಾತಿಗೆ ಮುಖ ಊದಿಸಿಕೊಂಡು ಬಂದವಳು ಆ ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆದಿಲ್ಲ. ಸರಿ, ನಾದಿನಿಯ ಫೋನಿನಲ್ಲೇ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ತಮ್ಮ ನಾಲ್ಕನೇ ಸಲಹೆ ಬಿಡಬೇಕಲ್ಲ: ‘ಅವಸರ ಬೇಡ. ವಸ್ತುವನ್ನು ಬುಟ್ಟಿಗೆ ಹಾಕಿ ಬಿಟ್ಟುಬಿಡಿ. ಮಾರುವವರೇ ಬೆಲೆ ಇಳಿಸಿ ಕರೆಯುತ್ತಾರೆ.’ ಏಳನೆಯದು: ‘ಮಹಾ ರಿಯಾಯಿತಿಯ ದಿನಗಳಿಗಾಗಿ ಕಾಯಿರಿ.’ ಒಂಬತ್ತನೆಯದು: ‘ಬೆಲೆಯನ್ನು ಪ್ರತಿದಿನ ಗುರುತು ಹಾಕಿಕೊಳ್ಳಿ.’ ಮಾನ್ಯರೇ, ನಾನು ಬಾಗಿಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದ ಮೇಲೆ ಮತ್ತೆ ಬಂದು ಎಳೆದು ನೋಡುವವಳು. ಇವತ್ತು ಕೊಂಡು ನಾಳೆ ಇಳಿದುಬಿಟ್ಟರೆ? ಇವತ್ತು ಬಿಟ್ಟು ನಾಳೆ ಏರಿಬಿಟ್ಟರೆ? ಇಂಥವಳ ಕೈಗೆ ‘ಪ್ರತಿದಿನ ನೋಡಿ’ ಎಂದು ಕೊಟ್ಟಿರಲ್ಲ, ನಾನು ಗಂಟೆಗೊಮ್ಮೆ ನೋಡಿದೆ. ಕಾಜ ಹೊಲಿಯುತ್ತಾ ನೋಡಿದೆ, ಅನ್ನ ಬಸಿಯುತ್ತಾ ನೋಡಿದೆ. ನೋಡಿದಷ್ಟೂ ನನ್ನ ಫೋನಿನಲ್ಲಿ ಬೆಲೆ ಮೇಲೆಯೇ. ಅಪರೂಪಕ್ಕೆ ನೋಡುವ ನಾದಿನಿಯ ಫೋನಿನಲ್ಲಿ ಕೆಳಗೆ. ಒಂದೇ ಮೋಟರು, ಒಂದೇ ಮನೆ, ಒಂದೇ ಬೆಂಚಿನ ಮೇಲೆ ಕೂತ ಇಬ್ಬರು ಹೆಂಗಸರು, ಎರಡು ಬೆಲೆ. ಬೇಕು ಎಂಬುದು ನನ್ನ ಮುಖದಲ್ಲಿ ಅಷ್ಟು ಕಾಣುತ್ತದೆಯೇ, ಗಾಜಿನ ಒಳಗಿನಿಂದಲೂ ಕಾಣುವಷ್ಟು?

ಆಮೇಲೆ ಮನೆಯಲ್ಲಿ ಮೋಟರಿನ ಮಾತು ಪಿಸುಮಾತಾಯಿತು. ಫೋನನ್ನು ಬಟ್ಟೆಯ ಗಂಟಿನ ಕೆಳಗಿಟ್ಟು ಮಾತಾಡುತ್ತಿದ್ದೆವು. ನಮ್ಮ ಯಜಮಾನರು ಒಂದು ದಿನ, “ಅದರ ಬೆಲೆ ಇಳಿಯೋಷ್ಟರಲ್ಲಿ ನಿನ್ನ ಬಿಪಿ ಅದನ್ನೂ ದಾಟಿರತ್ತೆ, ಕೊಂಡು ಬಿಸಾಕು ಅತ್ಲಾಗೆ,” ಎಂದರು. ಅವರಿಗೇನು, ಕರಪತ್ರ ಓದಿದವರಲ್ಲ.

ಗುರುತು ಹಾಕಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಅಳತೆಯ ಪುಸ್ತಕ. ಹಾಳೆ ದಂಡ ಮಾಡಬಾರದೆಂದು, ತುಂಬಾ ಜಾಗ ಖಾಲಿಯಿದ್ದ ಒಂದು ಪುಟ ಹುಡುಕಿದೆ. ಅದು ವರ್ಷಕ್ಕೊಮ್ಮೆ ಆಸ್ಪತ್ರೆಯ ಸಮವಸ್ತ್ರದ ಮೂರು ಸ್ಕರ್ಟ್ ಹೊಲಿಸುವ ನರ್ಸಮ್ಮನ ಪುಟ. ಸ್ಕರ್ಟಿಗೆ ಬೇಕಾದದ್ದು ಎರಡೇ ಅಳತೆ, ಮೊದಲು ಉದ್ದ, ಆಮೇಲೆ ಸೊಂಟ. ಮೇಲೆ ಅವರ ಸಾಲು: 29, 38. ಅದರ ಕೆಳಗೆ ದಿನಕ್ಕೊಂದು ಸಾಲು ನಾನು ಬರೆಯತೊಡಗಿದೆ, ಮೊದಲು ನಾದಿನಿಯ ಫೋನಿನ ಬೆಲೆ, ಆಮೇಲೆ ನನ್ನ ಫೋನಿನದು. ಎರಡು ಸಾವಿರದ ಏಳುನೂರ ಐವತ್ತು ಎಂದು ಬರೆಯುವ ಬದಲು ಇಪ್ಪತ್ತೇಳೂವರೆ ಎಂದು ಬರೆಯುವುದು ಟೇಪು ಹಿಡಿದ ಕೈಯ ಅಭ್ಯಾಸ. ಹಳೆಯ ಗಿರಾಕಿ ಮತ್ತೆ ಬಂದಾಗ ಹೊಸ ಅಳತೆಯನ್ನು ಹಳೆಯದರ ಕೆಳಗೆ ಬರೆಯುತ್ತೇವೆ. ಕತ್ತರಿಸುವಾಗ ಕೊನೆಯ ಸಾಲನ್ನೇ ನೋಡುತ್ತೇವೆ. ಇದು ನಮ್ಮ ಕಸುಬಿನ ಕ್ರಮ. ನಾದಿನಿಗೆ ಕಲಿಸಿದವಳೂ ನಾನೇ.

ನರ್ಸಮ್ಮ ಬಟ್ಟೆ ಕೊಟ್ಟುಹೋದ ಮರುದಿನ ನಾನು ಮಂಡಿ ತೋರಿಸಲು ಹೋಗಿದ್ದೆ. ಪಾಪ, ನಾದಿನಿ, ಅತ್ತಿಗೆಗೆ ಕೆಲಸ ಕಡಿಮೆಯಾಗಲಿ ಎಂದು ಮೂರೂ ಸ್ಕರ್ಟ್ ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಮಡಿಸಿಟ್ಟಳು. ಕೊನೆಯ ಸಾಲು: 24, 27½.

ನರ್ಸಮ್ಮ ದೊಡ್ಡ ಆಳು. ಒಯ್ಯಲು ಬಂದವರು ಒಂದರ ಮಡಿಕೆ ಬಿಚ್ಚಿ ತಮ್ಮ ತೊಡೆಗೆ ಸುತ್ತಿ ನೋಡಿಕೊಂಡರು. “ಸರಿಯಾಗಿದೆ,” ಎಂದರು. “ಎರಡು ತೊಡೆಗೆ ಎರಡಾಯ್ತು. ಮೂರನೇದು ಎಲ್ಲಿಗಮ್ಮಾ?”

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಹೋದ ಮೇಲೆ ಕೇಳಿದೆ, “ಅಲ್ವೇ, ಆ ಪುಟದಲ್ಲಿ ಎಂಟು ಸಾಲಿತ್ತು. ಒಂದು ಚೂರೂ ಅನುಮಾನ ಬರಲಿಲ್ವಾ ನಿನಗೆ?”

“ಬಂತು ಅತ್ತಿಗೆ,” ಎಂದಳು. “ಇವ್ರು ಯಾಕೆ ಹೀಗೆ ದಿನಾ ಸಣ್ಣ ಆಗ್ತಾರೆ, ದಪ್ಪ ಆಗ್ತಾರೆ ಅಂತ. ಆಸ್ಪತ್ರೆಲಿ ಇರೋರಲ್ವಾ, ಏನೋ ಮಾತ್ರೆ ತಗೋತಿರಬೇಕು ಅನ್ಕೊಂಡೆ.”

ಅವಳನ್ನು ಬೈಯಲು ಬಾಯಿ ಬರಲಿಲ್ಲ. ತಪ್ಪು ನನ್ನದು, ಒಬ್ಬರ ಪುಟದಲ್ಲಿ ಇನ್ನೊಂದನ್ನು ಬರೆಯಬಾರದು. ನರ್ಸಮ್ಮನಿಗೆ ಅದೇ ಬಟ್ಟೆ ಹೊಸದಾಗಿ ತಂದು ಹೊಲಿದು ಕೊಟ್ಟೆ. ಮೋಟರಿಗೆಂದು ಇಟ್ಟಿದ್ದರಲ್ಲಿ ಅರ್ಧ ಅದಕ್ಕೇ ಹೋಯಿತು.

ಅಷ್ಟಾದರೂ ಏಳನೇ ಸಲಹೆಯ ಮೇಲೆ ನಂಬಿಕೆ ಬಿಡಲಿಲ್ಲ ನೋಡಿ. ಮಹಾ ರಿಯಾಯಿತಿಯಲ್ಲಿ ಅರ್ಧಕ್ಕೇ ಬಂದುಬಿಟ್ಟರೆ? ಆ ದಿನ ಬೆಳಿಗ್ಗೆ ಇಬ್ಬರೂ ಎರಡೂ ಫೋನು ತೆರೆದು ಕೂತೆವು. ಮೂರು ಸಾವಿರದ ಒಂಬೈನೂರು ಎಂದು ಬರೆದು ಅದರ ಮೇಲೆ ಗೀಟು ಹೊಡೆದಿತ್ತು. ಪಕ್ಕದಲ್ಲಿ ಕೆಂಪಗೆ ಎರಡು ಸಾವಿರದ ಎಂಟುನೂರು. ‘ನಿಮಗೆ ಸಾವಿರದ ನೂರು ಉಳಿತಾಯ’ ಎಂಬ ಅಭಿನಂದನೆ ಬೇರೆ, ಕೆಳಗೆ ನಿಮಿಷ ಎಣಿಸುವ ಗಡಿಯಾರ. ನಾದಿನಿ ಪುಸ್ತಕ ತೆಗೆದು ನರ್ಸಮ್ಮನ ಪುಟದಲ್ಲಿ ಮೇಲಿಂದ ಕೆಳಗೆ ಬೆರಳಾಡಿಸಿದಳು. ಇಷ್ಟು ವಾರಗಳಲ್ಲಿ ಆ ಮೋಟರು ಒಂದು ದಿನವೂ ಮೂವತ್ತನ್ನು ಮುಟ್ಟಿರಲಿಲ್ಲ. “ಅತ್ತಿಗೆ, ಈ ಮೂವತ್ತೊಂಬತ್ತು ಯಾರ ಅಳತೆ?” ಎಂದಳು. ಇದೇ ಪ್ರಶ್ನೆಯನ್ನು ನಾನು ತಮ್ಮ ಮುಂದೆ ಇಡುತ್ತಿದ್ದೇನೆ. ಇದು ಯಾರ ಅಳತೆ?

ಈಗ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ಮೂರು ವರ್ಷದ ಹಿಂದೆ ತಮ್ಮ ಕಚೇರಿಯ ತನಿಖೆಯವರು ನನ್ನ ಮೆಟ್ಟಿಲ ಕೆಳಗಿನ ಕೋಣೆಗೆ ತಲೆ ಬಗ್ಗಿಸಿಕೊಂಡು ಬಂದು, ದರದ ಹಲಗೆ ಎಲ್ಲಿ ಎಂದು ಕೇಳಿದರು. ಬಂದವರಿಗೆಲ್ಲ ಒಂದೇ ದರ ಇರಬೇಕು, ಅದು ಬಾಗಿಲಲ್ಲೇ ಕಾಣಬೇಕು ಎಂದರು. ಬರೆಸಿ ಹಾಕಿದೆ. ಅಕ್ಷರ ಸಣ್ಣದಾಯಿತು ಎಂದು ಮತ್ತೆ ಬರೆಸಿದರು. ಇವತ್ತಿಗೂ ತೂಗುತ್ತಿದೆ. ಜಿಪ್ ಕಿತ್ತುಹೋಗಿ ಕೈಯಲ್ಲಿ ಲಂಗ ಹಿಡಿದುಕೊಂಡು ಓಡಿಬಂದವಳಿಗೂ ಅದೇ ದರ, ಆರಾಮಾಗಿ ಬಂದು ಹರಟೆ ಹೊಡೆಯುವವಳಿಗೂ ಅದೇ ದರ. ಓಡಿಬಂದವಳ ಹತ್ತಿರ ನಾಲ್ಕು ಕಾಸು ಜಾಸ್ತಿ ಕೇಳಬಹುದೆಂದು ನನಗೆ ಹೊಳೆದಿಲ್ಲವೆಂದುಕೊಂಡಿರಾ? ಹಲಗೆ ನೋಡಿ ಬಾಯಿ ಮುಚ್ಚಿಕೊಂಡಿದ್ದೇನೆ. ನನ್ನ ಕೋಣೆಗೆ ಬಗ್ಗಿ ಬಂದ ತಮ್ಮವರಿಗೆ ಆ ದೊಡ್ಡ ಮಾರುಕಟ್ಟೆಯ ಬಾಗಿಲು ಎಲ್ಲಿದೆ ಎಂದು ಗೊತ್ತಾಗಲಿಲ್ಲವೇ? ಅಲ್ಲಿ ಹಲಗೆ ಹಾಕಿಸುವುದು ಕಷ್ಟವೆಂದು, ನಮಗೆ ಕಾಯುವುದನ್ನು ಕಲಿಸಲು ಹೊರಟಿರೋ? ಕಾಯುವವಳ ಕಾಲಿನ ಬಗ್ಗೆ ಹತ್ತರಲ್ಲಿ ಯಾವ ಸಲಹೆಯಲ್ಲಿದೆ?

ಸದ್ಯಕ್ಕೆ ನನ್ನ ಅಂಗಡಿ ಹೇಗೆ ನಡೆಯುತ್ತಿದೆ ಎಂದು ಹೇಳಿಬಿಡುತ್ತೇನೆ. ಆ ಸ್ಕರ್ಟುಗಳ ಸುದ್ದಿ ಹಬ್ಬಿದ ಮೇಲೆ ಗಿರಾಕಿಗಳು ನನ್ನ ಕೈಯ ಹೊಲಿಗೆಯೇ ಬೇಕು ಎನ್ನುತ್ತಾರೆ, ಆದ್ದರಿಂದ ನಾನು ಸ್ಟೂಲಿನ ಮೇಲೆ ಕೂತು ಬಟ್ಟೆ ನಡೆಸುತ್ತೇನೆ. ನಾದಿನಿ ಯಂತ್ರದ ಕೆಳಗೆ ನೆಲದ ಮೇಲೆ ಕೂತು ಎರಡೂ ಕೈಯಿಂದ ಪೆಡಲು ಒತ್ತುತ್ತಾಳೆ. “ಹೂಂ” ಎಂದರೆ ಓಡಿಸಬೇಕು, “ತಡಿ” ಎಂದರೆ ನಿಲ್ಲಿಸಬೇಕು. ನಿನ್ನೆ ನನಗೆ ಕೆಮ್ಮು ಬಂತು. ಅವಳು ಅದನ್ನು ಹೂಂ ಎಂದುಕೊಂಡು ಒತ್ತಿದಳು, ಸೂಜಿ ನನ್ನ ಉಗುರಿನ ಪಕ್ಕದಲ್ಲೇ ಇಳಿಯಿತು. ಇವಳ ಬೆನ್ನೂ ಹಿಡಿದುಕೊಂಡರೆ ಮುಂದೆ ಯಾರು ಎಂದು ಯೋಚಿಸುತ್ತಲೇ ದಿನ ಹೋಗುತ್ತಿದೆ.

ನಾನು ಕೇಳುವುದು ಇಷ್ಟೇ. ಆ ಮಾರುಕಟ್ಟೆಗಳಲ್ಲೂ ದರದ ಹಲಗೆ ಹಾಕಿಸಿ. ಯಾರ ಫೋನಿನಲ್ಲಿ ನೋಡಿದರೂ ಒಂದೇ ಬೆಲೆ ಕಾಣಲಿ. ಗೀಟು ಹೊಡೆದ ಬೆಲೆ ಯಾವಾಗ, ಎಷ್ಟು ದಿನ ಇತ್ತು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಲಿ, ಅಕ್ಷರ ಸಣ್ಣದಾಗದ ಹಾಗೆ. ಅಲ್ಲಿಯವರೆಗೆ ತಮ್ಮ ಕರಪತ್ರವನ್ನು ಹಂಚುವುದು ನಿಲ್ಲಿಸಿ. ನಿಲ್ಲಿಸಲಾಗದಿದ್ದರೆ ಹನ್ನೊಂದನೆಯ ಸಲಹೆಯೊಂದನ್ನು ಸೇರಿಸಿ: ಬೇಕಾದದ್ದು ಬೇಕಾದಾಗ ಪಕ್ಕದ ಬೀದಿಯಲ್ಲಿ ಸಿಕ್ಕರೆ, ಮುಖ ಊದಿಸಿಕೊಳ್ಳದೆ ತೆಗೆದುಕೊಳ್ಳಿ.

ಸಾಕ್ಷಿಗೆ ನರ್ಸಮ್ಮನ ಪುಟದ ನಕಲನ್ನು ಲಗತ್ತಿಸಿದ್ದೇನೆ. ಮೊದಲ ಸಾಲು ಅವರದು, ಅದನ್ನು ದಯವಿಟ್ಟು ಯಾರಿಗೂ ತೋರಿಸಬೇಡಿ. ಉಳಿದ ಸಾಲುಗಳೆಲ್ಲ ತಮಗೆ ಸೇರಿದ್ದು. ತಮ್ಮ ಕಚೇರಿಯಲ್ಲಿ ಅದನ್ನು ನೋಡಿ ಯಾರೂ ಏನನ್ನೂ ಹೊಲಿಯದಂತೆ ನೋಡಿಕೊಳ್ಳಿ.

ಇಂತಿ,
ದರದ ಹಲಗೆಯ ಕೆಳಗೆ ಒಂದೇ ಕಾಲಿನಲ್ಲಿ ಕಾಯುತ್ತಿರುವ
ಮೆಟ್ಟಿಲ ಕೆಳಗಿನ ದರ್ಜಿ

(ಲಕೋಟೆ ಅಂಟಿಸುವ ಮುನ್ನ ಮತ್ತೊಮ್ಮೆ ನೋಡಿದೆ. ನಾದಿನಿಯದು 26, ನನ್ನದು 28¼. ನಕಲಿನಲ್ಲಿ ಈ ಸಾಲು ಇಲ್ಲ, ತಾವೇ ಕೆಳಗೆ ಸೇರಿಸಿಕೊಳ್ಳಬೇಕು.)