ಧ್ಯಾನಕ್ಕೆ ಕೂತವರ ಕಿವಿ

ಅಪ್ಪಾ,

ಬೆಂಚಿನ ಮೇಲೆ ಕೂರಲಾಗದೆ ಶಾಲೆ ಬಿಟ್ಟವನು ನಾನು. ಇವತ್ತು ನೀನು ಬಿಟ್ಟುಹೋದ ಧ್ಯಾನದ ಚಾಪೆಯ ಮೇಲೆ ಅಲುಗಾಡದೆ ಕೂತೆ. ಉಸಿರನ್ನೇ ಗಮನಿಸುತ್ತಾ ಹೋದಂತೆ ನಲ್ಲಿಯ ಹನಿ, ಬೀದಿಯ ಹಾರ್ನ್, ಪಕ್ಕದ ಕೋಣೆಯಲ್ಲಿ ಅಮ್ಮನ ಕೆಮ್ಮು ಎಲ್ಲವೂ ಒಂದೇ ಆಯಿತು. ಯಾರದೂ ಅಲ್ಲದ ಬರೀ ಸದ್ದು. ಸುಳ್ಳು ಹೇಳಲಾರೆ, ಹಿತವಾಗಿತ್ತು.

ಅಕ್ಕ ಬಂದು ಭುಜ ಹಿಡಿದು ಅಲುಗಾಡಿಸಿದಳು. “ಏನೋ, ನೀನೂ ಅಪ್ಪನ ಥರ ಕಲ್ಲಾದ್ಯಾ? ಅಮ್ಮ ಆಗ್ಲಿಂದ ನೀರು ಕೇಳ್ತಿದಾಳೆ!”

ಓಡಿಹೋಗಿ ನೀರು ಕೊಟ್ಟೆ. ಅಮ್ಮ ಅಕ್ಕನಿಗೇ ಹೇಳಿದಳು: “ಬೈಬೇಡ ಕಣೇ. ಧ್ಯಾನಕ್ಕೆ ಕೂತೋರಿಗೆ ಏನೂ ಕೇಳ್ಸಲ್ಲ. ನಿಮ್ಮಪ್ಪಂಗೂ ಕೇಳಿಸ್ತಿರ್ಲಿಲ್ಲ, ಪಾಪ.”

ಇಷ್ಟು ವರ್ಷ ನಾನೂ ಅದನ್ನೇ ನಂಬಿದ್ದೆ. ಕೇಳಿಸುತ್ತದೆ ಅಪ್ಪಾ. ಅವಳು ನೀರು ಎಂದದ್ದು ಪ್ರತಿ ಸಲವೂ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅಮ್ಮನಿಗೆ ಮಾತ್ರ “ಹೌದಮ್ಮ, ಕೇಳಿಸ್ಲಿಲ್ಲ” ಅಂದೆ.